ದೊಡ್ಡ ಮಿಸ್ಸಿನ ಬಾಯಲ್ಲಿ ನೆಲ್ಲಿಕಾಯಿ

ನಮ್ಮ ಶಾಲೆಯಲ್ಲಿ ಅವರನ್ನು ಎಲ್ಲರೂ ದೊಡ್ಡ ಮಿಸ್ ಎನ್ನುತ್ತಿದ್ದರು. ಹಾಗಂತ ಚಿಕ್ಕ ಮಿಸ್ ಎಂದು ಯಾರೂ ಇರಲಿಲ್ಲ. ಅವರು ಎದುರಿಗೆ ಬಂದು ನಿಂತರೆ ಉಳಿದವರೆಲ್ಲ ತಾವಾಗಿಯೇ ಚಿಕ್ಕವರಾಗುತ್ತಿದ್ದುದರಿಂದ ಆ ಹೆಸರಿನ ಅಗತ್ಯ ಬೀಳಲಿಲ್ಲ. ಈ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಓದಿದರೆ ಕೆಂಪು ಪೆನ್ನು ಹಿಡಿದು ನನ್ನ ಕಾಗುಣಿತ ತಿದ್ದುವುದಂತೂ ಖಂಡಿತ. ಹೆಸರಿಲ್ಲದಿದ್ದರೆ ‘ಇದು ನಿಮ್ಮ ಬಗ್ಗೆ ಅಲ್ಲ ಮಿಸ್’ ಎಂದಾದರೂ ಹೇಳಬಹುದಲ್ಲ ಎಂಬ ಆಸೆ.

ನಮ್ಮದು ಸಾಸ್ತಾನದ ಟೋಲ್‌ಗೇಟಿನಿಂದ ಸ್ವಲ್ಪ ದೂರದಲ್ಲಿ, ಹೈವೇಗೆ ಕಿವಿ ಕೊಟ್ಟುಕೊಂಡು ನಿಂತಿರುವ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ದೊಡ್ಡ ಮಿಸ್ ಅಲ್ಲಿ ಐದರಿಂದ ಏಳನೆಯ ತರಗತಿಯವರಿಗೆ ಕನ್ನಡ ಕಲಿಸುತ್ತಿದ್ದರು. ಗಂಜಿ ಹಾಕಿದ ಹತ್ತಿ ಸೀರೆ, ಗಂಡಸರ ಉದ್ದ ಕೊಡೆ, ಮತ್ತು ಒಂದು ಗಂಟಲು. ಆ ಗಂಟಲಿನ ಬಗ್ಗೆ ಹೇಳಲೇಬೇಕು. ಅವರು ಆರನೆಯ ತರಗತಿಯಲ್ಲಿ ‘ಸುಮ್ನ್ ಕೂಕಣಿ!’ ಎಂದರೆ ಪಕ್ಕದ ಕೋಣೆಯ ಎರಡನೆಯ ತರಗತಿಯೂ ಕೂರುತ್ತಿತ್ತು. ಒಮ್ಮೆ ಗೇಟಿನ ಹೊರಗೆ ತಕರಾರು ತೆಗೆದು ನಿಂತಿದ್ದ ಲಾರಿ ಡ್ರೈವರೊಬ್ಬ ಅದನ್ನು ಕೇಳಿ ತನ್ನ ಸೀಟಿನಲ್ಲಿ ಹೋಗಿ ಕೂತನೆಂದು ನಮ್ಮ ವಾಚ್‌ಮನ್ ಆಣೆಯಿಟ್ಟು ಹೇಳುತ್ತಾನೆ.

ನಾನು ಬಸ್ರೂರಿನವಳು. ಬಿ.ಎಡ್. ಮುಗಿಸಿದ ಹೊಸತರಲ್ಲೇ ಇಲ್ಲಿ ನಾಲ್ಕನೆಯ ತರಗತಿಗೆ ಸೇರಿದೆ. ಶಾಲೆಯ ಕರೆಸ್ಪಾಂಡೆಂಟರು, ಅಂದರೆ ಆಡಳಿತ ನೋಡಿಕೊಳ್ಳುವ ಹಿರಿಯರು, ಮೊದಲ ದಿನವೇ ‘ಮಳೆಗಾಲ ಮುಗಿಯುವವರೆಗೆ ನೋಡೋಣ, ಆಮೇಲೆ ಕಾಯಂ ಮಾಡುವ ಮಾತು’ ಎಂದಿದ್ದರು. ಮಳೆಗಾಲ ಮುಗಿಯುವುದು ಬೇಡ, ಮೊದಲ ವಾರ ಮುಗಿಯುವಷ್ಟರಲ್ಲಿ ನಾನೇ ಮುಗಿದಿದ್ದೆ. ಮಕ್ಕಳು ನನ್ನ ಮಾತು ಕೇಳುತ್ತಿರಲಿಲ್ಲ. ಗಿಡದ ಭಾಗಗಳನ್ನು ಕಲಿಸುವಾಗ ಹಿಂದಿನ ಬೆಂಚಿನವರು ಚೀಲದಲ್ಲಿ ಏಡಿ ತಂದು ಓಡಿಸುತ್ತಿದ್ದರು. ಶುಕ್ರವಾರದ ಹೊತ್ತಿಗೆ ‘ಸೋಮವಾರದಿಂದ ಬರುವುದಿಲ್ಲ’ ಎಂದು ನಿಶ್ಚಯಿಸಿ ಸ್ಟಾಫ್ ರೂಮಿನ ಕಿಟಕಿಯ ಹತ್ತಿರ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದೆ.

“ಹ್ವಾಯ್, ಬಸ್ರೂರ್! ಮರ್ಕಬೇಡ. ಇಲ್ಲ್ ಬಾ” ಎಂದರು ದೊಡ್ಡ ಮಿಸ್. “ನಿನ್ನ್ ಪಾಠ ಹೊರಗಿಂದ ಕಂಡೆ ನಾನ್. ನಿಂಗ್ ಕಾಣ್ಕಾ?”

ನನ್ನ ಪಾಠವನ್ನು ನಾನು ನೋಡುವುದು ಹೇಗೆಂದು ಅರ್ಥವಾಗುವ ಮೊದಲೇ ಅವರು ಎದ್ದು, ಕೊಡೆಯನ್ನು ಕೋಲಿನಂತೆ ಹಿಡಿದು, ಗೋಡೆಯ ಕ್ಯಾಲೆಂಡರಿನ ಕಡೆಗೆ ಮುಖ ಮಾಡಿ, ನಮ್ಮೆಲ್ಲರಿಗೂ ಬೆನ್ನು ಹಾಕಿ ನಿಂತುಬಿಟ್ಟರು. ಆಮೇಲೆ ಎಳೆಯ, ನಡುಗುವ ದನಿಯಲ್ಲಿ ಶುರು ಮಾಡಿದರು: “ದಿಸ್ ಈಸ್ ರೂಟ್, ಓಕೆ? ದಿಸ್ ಈಸ್ ಸ್ಟೆಮ್, ಓಕೆ? ಸೈಲೆನ್ಸ್, ಓಕೆ?” ಒಮ್ಮೆಯೂ ತಿರುಗಲಿಲ್ಲ. ನಡುವೆ ಸೆರಗು ಸರಿಮಾಡಿಕೊಂಡರು, ಜಡೆ ಮುಂದೆ ಎಳೆದುಕೊಂಡರು, ಮತ್ತೆ ಹಿಂದೆ ಹಾಕಿದರು. ಅಯ್ಯೋ ದೇವರೇ, ಅದು ನಾನೇ! ಅವರಿಗೆ ಜಡೆಯೇ ಇರಲಿಲ್ಲ, ಸಣ್ಣ ತುರುಬು ಮಾತ್ರ. ಆದರೂ ನನ್ನ ಜಡೆ ಅಲ್ಲಿ ಓಡಾಡುವುದು ನನಗೆ ಕಂಡಿತು.

ಕೊನೆಗೆ ತಿರುಗಿ ತಮ್ಮ ದನಿಗೆ ಬಂದು ಹೇಳಿದರು: “ಬೋರ್ಡಿಗ್ ಪಾಠ ಲಾಯ್ಕ್ ಮಾಡ್ತೆ ಮಾರಾಯ್ತಿ ನೀನ್. ಬೋರ್ಡ್ ಫಸ್ಟ್ ಕ್ಲಾಸಲ್ಲ್ ಪಾಸಾತ್ತ್. ಮಕ್ಳಿಗೂ ಒಂಚೂರ್ ಮುಖ ತೋರ್ಸ್.”

ಅಳುತ್ತಿದ್ದವಳು ನಗಲು ಶುರು ಮಾಡಿದೆ, ನಗುತ್ತ ನಗುತ್ತ ಮತ್ತೆ ಅತ್ತೆ. ಸೋಮವಾರ ಶಾಲೆಗೆ ಹೋದೆ. ಬೋರ್ಡಿಗೆ ಬೆನ್ನು ಹಾಕಿ ನಿಂತೆ. ಏಡಿ ತಂದಿದ್ದವನ ಕಣ್ಣು ನೋಡಿ, ‘ಇದರ ಕಾಲೆಷ್ಟು ಎಣಿಸು ನೋಡುವ’ ಎಂದೆ. ಏಡಿಗೆ ಆ ವರ್ಷ ನಮ್ಮ ತರಗತಿಯಲ್ಲಿ ಸಿಕ್ಕ ಮರ್ಯಾದೆ ಗಿಡದ ಯಾವ ಭಾಗಕ್ಕೂ ಸಿಗಲಿಲ್ಲ.

ಅಲ್ಲಿಂದ ಮುಂದೆ ಮಧ್ಯಾಹ್ನ ಬುತ್ತಿ ಬಿಚ್ಚಿದ ಮೇಲೆ ಹೊಸಬರಲ್ಲಿ ಯಾರಾದರೊಬ್ಬರ ಪಾಠ ‘ಆಡಿ ತೋರಿಸುವುದು’ ರೂಢಿಯಾಯಿತು. ವಂಡ್ಸೆಯಿಂದ ಬರುವ ಲೆಕ್ಕದ ಮಾಷ್ಟ್ರೊಬ್ಬರಿದ್ದರು, ನನ್ನಷ್ಟೇ ಹೊಸಬರು. ಅವರಿಗೆ ಪ್ರತಿ ಲೆಕ್ಕದ ಕೊನೆಗೆ ‘ಸಿಂಪಲ್!’ ಎನ್ನುವ ಚಟ. ದೊಡ್ಡ ಮಿಸ್ ಒಂದು ದಿನ ಅನ್ನದ ಡಬ್ಬಿಯ ಮುಚ್ಚಳ ತೆಗೆಯಲು ಒದ್ದಾಡುತ್ತ, ಬೆವರುತ್ತ, ಮೊಣಕಾಲಿಗೆ ಸಿಕ್ಕಿಸಿ ಎಳೆಯುತ್ತ, ಪ್ರತಿ ಎಳೆತಕ್ಕೂ ‘ಸಿಂಪಲ್!’ ಎಂದರು. ಮುಚ್ಚಳ ಕೊನೆಗೂ ಬರಲಿಲ್ಲ. ಅಷ್ಟೇ. ಮಾಷ್ಟ್ರು ಕಿವಿಯವರೆಗೆ ಕೆಂಪಾದರು. ಆಮೇಲೆ ತರಗತಿಯಲ್ಲಿ ‘ಸಿಂ…’ ಎಂದು ನಿಲ್ಲಿಸಿ, ಮಕ್ಕಳ ಮುಖ ನೋಡಿ, ‘ಇಲ್ಲ, ಇದು ಸ್ವಲ್ಪ ಕಷ್ಟ ಇತ್ತ್, ಅಲ್ದಾ?’ ಎಂದು ಕೇಳತೊಡಗಿದರು. ಮಕ್ಕಳು ಮೊತ್ತಮೊದಲ ಬಾರಿಗೆ ‘ಹೌದ್ ಸರ್’ ಎಂದು ನಿಟ್ಟುಸಿರು ಬಿಟ್ಟರಂತೆ.

ಅದೇ ವರ್ಷ ಆಡಳಿತದವರು ಹೊಸ ಟೀಚರುಗಳಿಗೆಂದು ನಗರದಿಂದ ಒಬ್ಬ ತರಬೇತುದಾರರನ್ನು ಕರೆಸಿದರು. ವಿಷಯ ರಿಫ್ಲೆಕ್ಟಿವ್ ಪ್ರಾಕ್ಟೀಸ್. ಹಳಬರಲ್ಲಿ ದೊಡ್ಡ ಮಿಸ್ ಒಬ್ಬರೇ ಬಂದು ಮುಂದಿನ ಕುರ್ಚಿಯಲ್ಲಿ ಕೂತರು, ಚಾ ಜೊತೆ ಗೋಳಿಬಜೆ ಇದೆಯೆಂದು ಅವರಿಗೆ ಮೊದಲೇ ಗೊತ್ತಿತ್ತು. ತರಬೇತುದಾರರದು ಬಹಳ ಮೆತ್ತಗಿನ ದನಿ. “ಕಣ್ಣು ಮುಚ್ಚಿ. ಉಸಿರನ್ನು ಗಮನಿಸಿ. ನಿಮ್ಮ ನಿನ್ನೆಯ ಪಾಠ ಒಂದು ಬಣ್ಣವಾಗಿದ್ದರೆ ಅದು ಯಾವ ಬಣ್ಣ?” ಎಂದರು. ನಾವೆಲ್ಲ ನೀಲಿ, ಹಸಿರು ಎಂದು ತೋಚಿದ್ದು ಹೇಳಿದೆವು. ದೊಡ್ಡ ಮಿಸ್ ಕಣ್ಣು ಮುಚ್ಚಿಯೇ, “ಹೆಸ್ರುಬೇಳೆ ತೊವ್ವೆ ಬಣ್ಣ” ಎಂದರು. “ವಾವ್” ಎಂದು ತರಬೇತುದಾರರು ಬರೆದುಕೊಂಡರು. ಎರಡನೆಯ ಬಾರಿ ಕಣ್ಣು ಮುಚ್ಚಿಸಿದಾಗ ಮಿಸ್ ಗೊರಕೆ ಹೊಡೆದರು. “ನೋಡಿ, ಇವರು ಎಷ್ಟು ಆಳಕ್ಕೆ ಇಳಿದಿದ್ದಾರೆ” ಎಂದು ತರಬೇತುದಾರರು ನಮಗೆ ಪಿಸುಗುಟ್ಟಿದರು.

ಸಂಜೆ ಬಸ್‌ಸ್ಟಾಪಿನಲ್ಲಿ ನಾನು ಕೇಳಿದೆ: “ಮಿಸ್, ರಿಫ್ಲೆಕ್ಟಿವ್ ಪ್ರಾಕ್ಟೀಸ್ ಅಂದ್ರೆ ಕಡೆಗೂ ಎಂತ?”

“ಪ್ಯಾಟೆಯಿಂದ ಬಂದ್ ಚೀಲ ಸೊರ್ಗಿ ಕಾಂಬುದಿಲ್ಯಾ ನೀನ್? ಎಂತ ತಂದೆ, ಎಂತ ಬಿಟ್ಟಿಕ್ಕಿ ಬಂದೆ ಅಂದೇಳಿ. ಅದೇ. ಆದ್ರೆ ನಮ್ಮ್ ಚೀಲ ನಾವೇ ಕಂಡ್ರೆ ಎಲ್ಲ ಸಮ ಇದ್ದಂಗೇ ಕಾಂತ್. ಬೇರೆಯವ್ರ್ ಕಾಣ್ಕ್.”

ಮಾತು ಸರಿಯೇ. ಆದರೆ ನಮ್ಮೆಲ್ಲರ ಚೀಲ ಸುರಿದು ನೋಡುವ ದೊಡ್ಡ ಮಿಸ್ಸಿನ ಚೀಲವನ್ನು ಯಾರು ನೋಡಬೇಕೆಂದು ನಮಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಹೊಳೆದದ್ದು ಒಂಬತ್ತನೆಯ ತರಗತಿಯ ಮಕ್ಕಳಿಗೆ.

ಶಿಕ್ಷಕರ ದಿನಾಚರಣೆಗೆ ಅವರು ಟೀಚರುಗಳನ್ನು ಅನುಕರಿಸುವ ಕಿರುನಾಟಕ ಮಾಡಿದರು. ನನ್ನ ಜಡೆ ಬಂತು, ವಂಡ್ಸೆ ಮಾಷ್ಟ್ರ ‘ಸಿಂ…’ ಬಂತು. ದೊಡ್ಡ ಮಿಸ್ ಎಲ್ಲರಿಗಿಂತ ಜೋರಾಗಿ ನಕ್ಕರು. ಕೊನೆಗೆ ಒಬ್ಬ ಹುಡುಗಿ ಹೊಟ್ಟೆಗೆ ದಿಂಬು ಕಟ್ಟಿಕೊಂಡು, ಉದ್ದ ಕೊಡೆ ಹಿಡಿದು ಬಂದಳು. ಅವಳು ಬಂದ ಕೂಡಲೇ ಸಭೆಯಲ್ಲಿ ಶಿಳ್ಳೆ. ವಿದ್ಯಾರ್ಥಿಯ ಪಾತ್ರದ ಹುಡುಗ ‘ಮಿಸ್, ನನಗೆ…’ ಎಂದ. ‘ಹೊಟ್ಟೆನೋವಾ? ಹೋಗ್, ನೀರ್ ಕುಡಿ!’ ‘ಅಲ್ಲ ಮಿಸ್, ನನ್ನ…’ ‘ಪುಸ್ತಕ ಬಿಟ್ಟ್ ಬಂದ್ಯಾ? ನಾಳೆ ತಾ!’ ‘ಮಿಸ್, ನಾನು…’ ‘ಗೊತ್ತಿತ್ತ್, ಗೊತ್ತಿತ್ತ್, ಕೂಕೊ!’ ಹುಡುಗ ಕೊನೆಗೆ ಸಭೆಯ ಕಡೆ ತಿರುಗಿ, ಅಳುಮೋರೆ ಮಾಡಿ, ‘ನಾನು ಈ ಕ್ಲಾಸಿನವನೇ ಅಲ್ಲ’ ಎಂದ.

ಸಭೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕು ಪಕ್ಕಕ್ಕೆ ತಿರುಗಿದರೆ, ದೊಡ್ಡ ಮಿಸ್ ನಗುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದು ವೇದಿಕೆಯನ್ನೇ ನೋಡುತ್ತಿದ್ದರು.

ಮಾರನೆಯ ದಿನದಿಂದ ಮಧ್ಯಾಹ್ನದ ಆಟ ನಿಂತಿತು. ಅವರು ಬುತ್ತಿ ಉಂಡು, ಡಬ್ಬಿ ತೊಳೆದು, ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಸ್ಟಾಫ್ ರೂಮಿಗೆ ಸೂತಕ ಬಂದಂತಾಯಿತು. ವಂಡ್ಸೆ ಮಾಷ್ಟ್ರು ಅವರನ್ನು ನಗಿಸಲೆಂದು ಬೇಕೆಂದೇ ‘ಸಿಂಪಲ್’ ಎಂದರು. ಅದಕ್ಕೂ ಅವರು ತಿರುಗಲಿಲ್ಲ. ಒಂದು ಸಂಜೆ ಎಲ್ಲರೂ ಹೊರಟ ಮೇಲೆ ನನ್ನನ್ನು ನಿಲ್ಲಿಸಿ ಬಾಗಿಲು ಹಾಕಿದರು.

“ಬಸ್ರೂರ್, ಆ ಹೆಣ್ಣ್ ಮಾಡಿದ್ದ್ ಹೌದಾ? ನಾ ಹಾಂಗೇಯಾ?”

“ಮಕ್ಕಳಲ್ವಾ ಮಿಸ್, ಸ್ವಲ್ಪ ಜಾಸ್ತಿ ಮಾಡಿರ್ತಾರೆ.”

“ಸುಳ್ಳ್ ಹೇಳ್ಬೇಡ. ನೀ ನಾನಾಗ್. ನಾ ಮಗು ಆತೆ. ಮಾಡ್.”

ನನ್ನನ್ನು ಈ ಕೆಲಸದಲ್ಲಿ ಉಳಿಸಿದವರು ಅವರು. ಅವರ ಎದುರಿಗೆ ನಿಂತು ಅವರಾಗುವುದು ಹೇಗೆ? ಆದರೆ ಅವರು ಆಗಲೇ ಸಣ್ಣ ಸ್ಟೂಲಿನ ಮೇಲೆ ಕೂತು, ಕೈಕಟ್ಟಿ, ಎರಡನೆಯ ತರಗತಿಯವರಂತೆ ಕಾಲು ಅಲ್ಲಾಡಿಸತೊಡಗಿದ್ದರು. ವಿಧಿಯಿಲ್ಲದೆ ನಾನು ಅವರ ಕೊಡೆ ಎತ್ತಿಕೊಂಡೆ.

“ಮಿಸ್, ನಮ್ಮನೆ ನಾಯಿ…” ಎಂದರು ಅವರು.

“ಮರಿ ಹಾಕ್ತಾ? ಒಳ್ಳೆದಾಯ್ತ್! ಕೂಕೊ.”

“ಅಲ್ಲ ಮಿಸ್, ನಾಯಿ…”

“ಕಚ್ತಾ? ಇಂಜೆಕ್ಷನ್ ತಕಂಡ್ಯಾ? ಕೂಕೊ!”

“ಮಿಸ್, ಆ ನಾಯಿ…”

“ಸತ್ತೇ ಹೋಯ್ತಾ! ಅಯ್ಯೋ ಪಾಪ. ಇರ್ಲಿ, ಮರ್ಕಬೇಡ. ಕೂಕೊ.”

ದೊಡ್ಡ ಮಿಸ್ ಸ್ಟೂಲಿನಿಂದ ಎದ್ದೇಬಿಟ್ಟರು. “ಹ್ವಾಯ್! ನಾಯಿ ಜಗ್ಲಿ ಮೇಲೆ ಮನಿಕಂಡಿತ್ತ್ ಅಂದೇಳಿ ಹೇಳೂಕ್ ಹೊರ್ಟದ್ದ್ ನಾನ್! ಅಷ್ಟೊತ್ತಿಗೆ ನೀ ಅದನ್ನ್ ಹೆರ್ಸಿ, ಕಚ್ಚಿಸಿ, ಕೊಂದೇ ಹಾಕ್ದೆ!”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ಅವರು ನಕ್ಕದ್ದು ನೋಡಬೇಕಿತ್ತು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಆ ನೀರು ಪೂರ್ತಿ ನಗೆಯದ್ದಲ್ಲವೆಂದು ನನಗೆ ಗೊತ್ತಾಯಿತು.

“ಎಷ್ಟ್ ಮಕ್ಳ್ ನಾಯಿ ಕೊಂದಿದೆನೊ ನಾನ್” ಎಂದರು, ಕಣ್ಣೊರೆಸಿಕೊಳ್ಳುತ್ತ.

ಮರುದಿನದಿಂದ ಚಿಕಿತ್ಸೆ ಶುರುವಾಯಿತು. ಬಾಯಿ ತುಂಬಿದ್ದರೆ ನಡುವೆ ಮಾತಾಡಲಾಗದು ಎಂಬುದು ಅವರ ಸಿದ್ಧಾಂತ. ಮೊದಲು ಕಲ್ಲುಸಕ್ಕರೆ ಇಟ್ಟುಕೊಂಡರು. ಮಕ್ಕಳ ವಾಕ್ಯ ಮುಗಿಯುವ ಮೊದಲೇ ಅದು ಕರಗಿತು. ಅಡಿಕೆ ಹೋಳು ಇಟ್ಟುಕೊಂಡರು. ತಡೆಯಲಾರದೆ ಅಗಿದು ನುಂಗಿ, ತಲೆ ತಿರುಗಿ ಬೆಂಚು ಹಿಡಿದುಕೊಂಡರು. ಕೊನೆಗೆ ಮನೆಯ ಭರಣಿಯಿಂದ ಉಪ್ಪುನೀರಿನಲ್ಲಿ ಹಾಕಿಟ್ಟ ನೆಲ್ಲಿಕಾಯಿ ತಂದರು. ಅದು ದೊಡ್ಡದು, ಹುಳಿ, ಬೇಗ ಮುಗಿಯುವಂಥದ್ದಲ್ಲ. ಒಂದು ಕೆನ್ನೆ ಉಬ್ಬಿಸಿಕೊಂಡು ಅವರು ತರಗತಿಗೆ ನಡೆದರೆ ಹಲ್ಲುನೋವು ಬಂದವರಂತೆ ಕಾಣುತ್ತಿದ್ದರು. ಕರೆಸ್ಪಾಂಡೆಂಟರು ಗಾಬರಿಯಾಗಿ ಕುಂದಾಪುರದ ದಂತವೈದ್ಯರೊಬ್ಬರ ವಿಳಾಸ ಕೊಟ್ಟರು.

ಮಕ್ಕಳಿಗೋ ಹಬ್ಬ. ಮಿಸ್ ನಡುವೆ ಬಾಯಿ ಹಾಕುವುದಿಲ್ಲವೆಂದು ಗೊತ್ತಾದ ಕೂಡಲೇ ಒಬ್ಬ ಪೀರಿಯಡ್ಡಿನ ಅರ್ಧದಷ್ಟು ಹೊತ್ತು ಹಿಂದಿನ ದಿನದ ಕ್ರಿಕೆಟ್ ಮ್ಯಾಚನ್ನು ಬಾಲಿನಿಂದ ಬಾಲಿಗೆ ಹೇಳಿದ. ಮಿಸ್ ‘ಊಂ! ಊಂ!’ ಎಂದು ಕೊಡೆ ಕುಟ್ಟಿದರೆ ಅವನು ಅದನ್ನು ಪ್ರೋತ್ಸಾಹವೆಂದು ತಿಳಿದು ಎರಡನೆಯ ಇನ್ನಿಂಗ್ಸ್ ಶುರು ಮಾಡಿದ.

ನಾನು ಬಿಡುವಿದ್ದಾಗ ಹಿಂದಿನ ಬೆಂಚಿನಲ್ಲಿ ಕೂರಬೇಕೆಂದೂ, ಮಿಸ್ ಬಾಯಿ ಹಾಕಿದರೆ ಕೈ ಎತ್ತಬೇಕೆಂದೂ ಆಜ್ಞೆಯಾಗಿತ್ತು. ಹಾಗಾಗಿ ಆರನೆಯ ತರಗತಿಯಲ್ಲಿ ಅಂದು ನಡೆದದ್ದನ್ನು ನಾನು ಕಣ್ಣಾರೆ ಕಂಡೆ.

ಅಂದಿನ ವಿಷಯ ‘ನಮ್ಮ ಮನೆಯ ಸುತ್ತಮುತ್ತ’. ಎದ್ದು ನಿಂತು ಒಂದೆರಡು ಮಾತು ಹೇಳಬೇಕು. ಆ ತರಗತಿಯಲ್ಲಿ ಶ್ರಾವ್ಯ ಎಂಬ ಹುಡುಗಿ ಇದ್ದಳು, ಹೊಳೆಬದಿಯ ಮನೆಯವಳು. ಅವಳಿಗೆ ತೊದಲಿಲ್ಲ, ಹೆದರಿಕೆಯೂ ಇಲ್ಲ. ಆದರೆ ಮಾತು ನಿಧಾನ. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ತಲೆ ಎತ್ತಿ ಮಾಡಿನ ಕಡೆ ನೋಡುವಳು, ಮುಂದಿನ ಪದ ಅಲ್ಲಿಂದ ಇಳಿದು ಬರಬೇಕು ಎಂಬಂತೆ. ಅವಳಿಗೆ ‘ಹೇಳೂಕ್ ಬತ್ತಿಲ್ಲ’ ಎಂದು ದೊಡ್ಡ ಮಿಸ್ ನನಗೇ ಹಿಂದೊಮ್ಮೆ ಹೇಳಿದ್ದರು.

ಅವಳು ಎದ್ದು ನಿಂತಳು. “ನಮ್ಮ ಮನೆಯ… ಹಿಂದೆ…”

ಮಿಸ್ಸಿನ ಕೆನ್ನೆ ಅದುರಿತು. ನೆಲ್ಲಿಕಾಯಿ ಈ ಕಡೆಯಿಂದ ಆ ಕಡೆಗೆ ಹೋಯಿತು. ನಾನು ಕೈ ಎತ್ತಲು ಸಿದ್ಧಳಾದೆ.

“…ಹೊಳೆ… ಇದೆ.” ಮಾಡಿನತ್ತ ನೋಟ. “ಆ ಹೊಳೆಗೆ…”

ಮಿಸ್ ಎರಡೂ ಕೈಯಿಂದ ಕೊಡೆಯನ್ನು ಹಿಂಡತೊಡಗಿದರು.

“…ಮುಂಚೆ… ದೊಡ್ಡ ಮಿಸ್… ಬಿದ್ದಿದ್ದರಂತೆ.”

ಕೆನ್ನೆಯ ಓಡಾಟ ನಿಂತಿತು. ಶ್ರಾವ್ಯ ಅವಸರವಿಲ್ಲದೆ ಮುಂದುವರಿಸಿದಳು. ಪುಸ್ತಕದ ಕನ್ನಡ ಅಲ್ಲಿಗೆ ಮುಗಿದು ಮನೆಯ ಮಾತು ಶುರುವಾಗಿತ್ತು. “ದೋಣಿಯಿಂದ… ಇಳಿವತಿಗೆ… ಕೆಸ್ರಿಗೆ ಬಿದ್ರಂಬ್ರ್. ನಮ್ಮ ಅಮ್ಮಮ್ಮ… ಜುಟ್ಟ್ ಹಿಡ್ದ್… ಎಳ್ದದ್ದಂಬ್ರ್. ಆ ಟೀಚರ್… ನೀವೇ ಹೌದಾ ಅಂದೇಳಿ… ಅಮ್ಮಮ್ಮ ಕೇಂಡ್ಕಂಡ್ ಬಾ ಅಂದಿರ್.”

ಅಲ್ಲವೆನ್ನಲು ಬಾಯಿ ಖಾಲಿ ಇರಲಿಲ್ಲ. ಇಡೀ ತರಗತಿ ಮಿಸ್ಸಿನ ಮುಖವನ್ನೇ ನೋಡುತ್ತಿತ್ತು. ಅವರು ನಿಧಾನವಾಗಿ ತಲೆ ಆಡಿಸಿದರು. ಹೌದು. ಆ ಕ್ಷಣಕ್ಕೆ ಎದ್ದ ಗದ್ದಲವನ್ನು ಬಣ್ಣಿಸಲಾರೆ. ಗದ್ದಲ ಇಳಿದ ಮೇಲೆ ಅವರು ನೆಲ್ಲಿಕಾಯಿಯನ್ನು ಕರ್ಚೀಫಿಗೆ ತೆಗೆದು ಕೇಳಿದರು:

“ಇದನ್ನ್ ಯಾವಾಗಿಂದ ಹೇಳೂಕ್ ಹೊರ್ಟದ್ದ್ ನೀನ್?”

“ಜೂನಿಂದ” ಎಂದಳು ಶ್ರಾವ್ಯ. “ಪ್ರತಿ ಸಲ… ನೀವ್… ‘ಹೊಳೆಲಿ ಮೀನ್ ಇತ್ತ್, ಕೂಕೊ’ ಅಂದ್ರಿ.”

ದೊಡ್ಡ ಮಿಸ್ ಕುರ್ಚಿ ಎಳೆದು ಕೂತರು. ತರಗತಿಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೈವೇಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ಮತ್ತ್ ಯಾರ್ಯಾರಿಗೆ ಎಂತೆಂತ ಹೇಳೂಕ್ ಬಾಕಿ ಇತ್ತ್?” ಎಂದರು. ಒಂದೊಂದಾಗಿ ಕೈಗಳು ಮೇಲೆದ್ದವು. ಒಂದು ಕೈಯೂ ಕೆಳಗೆ ಉಳಿಯಲಿಲ್ಲ.

ಮುಂದಿನ ಭಾನುವಾರ ಅವರು ನನ್ನನ್ನೂ ಕರೆದುಕೊಂಡು ಹೊಳೆಬದಿಯ ಮನೆಗೆ ಹೋದರು. ಆಗಿನ್ನೂ ಸೇತುವೆ ಇರದ ಕಾಲದಲ್ಲಿ, ಮೊದಲ ಕೆಲಸಕ್ಕೆಂದು ದೋಣಿ ದಾಟುತ್ತಿದ್ದ ದಿನ ಬಿದ್ದದ್ದಂತೆ. ಎತ್ತಿದಾಕೆಗೆ ನೆಟ್ಟಗೆ ಒಂದು ಉಪಕಾರದ ಮಾತು ಹೇಳಲೂ ಆಗಿರಲಿಲ್ಲವಂತೆ, ಬಾಯಿ ತುಂಬ ಕೆಸರು. ಅದನ್ನೀಗ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಶ್ರಾವ್ಯಳ ಅಮ್ಮಮ್ಮ ಜಗಲಿಯಲ್ಲೇ ಕೂತಿದ್ದರು.

“ಅಮ್ಮಾ, ಆವತ್ತ್ ನೀವ್…” ಎಂದು ಮಿಸ್ ಶುರು ಮಾಡಿದರು.

“ನಾ ಎಳೀದೇ ಇದ್ದಿದ್ರೆ ಸಮುದ್ರಕ್ಕೇ ಹೋತಿದ್ರಿ!” ಎಂದರು ಅಮ್ಮಮ್ಮ.

“ಹೌದ್. ಅದಕ್ಕೆ ನಾನ್…”

“ಜುಟ್ಟ್ ನೊಂದದ್ದ್ ಹೇಳೂಕ್ ಬಂದ್ರ್ಯಾ? ಎಂತ ಮಾಡುದ್ ಮಾರಾಯ್ತಿ, ಬೇರೆ ಎಂತದೂ ಕಾಂತಿರ್ಲಿಲ್ಲ!”

ಮೊಮ್ಮಗಳು ಯಾಕೆ ನಿಧಾನ ಮಾತಾಡುತ್ತಾಳೆಂದು ನನಗೆ ಆಗ ತಿಳಿಯಿತು. ಆ ಮನೆಯಲ್ಲಿ ಅವಳಿಗೆ ಅವಸರದ ಪಾಲು ಉಳಿದೇ ಇರಲಿಲ್ಲ. ಮಿಸ್ ಮೂರ್ನಾಲ್ಕು ಸಲ ಬಾಯಿ ತೆರೆದು ಮುಚ್ಚಿದರು. ಕೊನೆಗೆ ಶ್ರಾವ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಮ್ಮಮ್ಮ… ಮಿಸ್… ಮಾತಾಡ್ಲಿ” ಎಂದಳು. ಅಮ್ಮಮ್ಮ ಸುಮ್ಮನಾದರು. ಆ ನಿಶ್ಶಬ್ದದಲ್ಲಿ ಅಷ್ಟೂ ಜೋಡಿಸಿಕೊಂಡಿದ್ದ ಮಾತು ಮಿಸ್ಸಿಗೆ ಮರೆತುಹೋಗಿತ್ತು. ಬಗ್ಗಿ ಅಮ್ಮಮ್ಮನ ಎರಡೂ ಕೈ ಹಿಡಿದುಕೊಂಡರು, ಅಷ್ಟೇ.

ಆ ಮಳೆಗಾಲ ಮುಗಿದಾಗ ನಾನೂ ವಂಡ್ಸೆ ಮಾಷ್ಟ್ರೂ ಕಾಯಂ ಆದೆವು. ಮಧ್ಯಾಹ್ನದ ಆಟವೂ ಮತ್ತೆ ಶುರುವಾಯಿತು. ಈಗ ದೊಡ್ಡ ಮಿಸ್ಸಿನ ಸರದಿಯೂ ಇರುತ್ತಿತ್ತು, ಆಡಿ ತೋರಿಸಲು ನಾವು ಜಗಳವಾಡುತ್ತಿದ್ದೆವು.

ಅವರ ಬೀಳ್ಕೊಡುಗೆಯ ದಿನ ಕರೆಸ್ಪಾಂಡೆಂಟರು ಭಾಷಣಕ್ಕೆ ನಿಂತರು. ಅವರಿಗೆ ಭಾಷಣದ ನಡುವೆ ಪದ ಸಿಗದೆ ನಿಲ್ಲುವ ಅಭ್ಯಾಸ. ಇಷ್ಟು ವರ್ಷ ಮುಂದಿನ ಸಾಲಿನಿಂದ ದೊಡ್ಡ ಮಿಸ್ಸೇ ಪದ ಎತ್ತಿ ಕೊಡುತ್ತಿದ್ದರು. “ಇವರು ನಮ್ಮ ಸಂಸ್ಥೆಯ ಒಂದು… ಒಂದು…” ಎಂದು ನಿಂತು ಅವರು ಮಿಸ್ಸಿನ ಕಡೆ ನೋಡಿದರು. ಮಿಸ್ ಅತ್ಯಂತ ಆಸಕ್ತಿಯಿಂದ ಅವರನ್ನೇ ನೋಡುತ್ತ ಕೂತರು. ಸಭೆ ಕಾಯಿತು. ಫ್ಯಾನ್ ತಿರುಗಿತು. “ಒಂದು… ಇದು” ಎಂದು ಹೇಳಿ ಕರೆಸ್ಪಾಂಡೆಂಟರು ಕೂತುಕೊಂಡರು. ದೊಡ್ಡ ಮಿಸ್ಸೇ ಮೊದಲು ಚಪ್ಪಾಳೆ ತಟ್ಟಿದರು. ಅವರ ಬಗ್ಗೆ ಅಷ್ಟು ಸರಿಯಾದ ಮಾತನ್ನು ನಾನು ಮತ್ತೆ ಕೇಳಿಲ್ಲ.

ಹೋದ ವಾರ ನನ್ನದೊಂದು ಪಾಠ ಹಾಳಾಯಿತು. ಭಿನ್ನರಾಶಿ ಕಲಿಸಲೆಂದು ಬಾಳೆಹಣ್ಣು ಕೊಯ್ದು ಹಂಚಿದ್ದೆ. ಪ್ರಶ್ನೆ ಕೇಳುವಷ್ಟರಲ್ಲಿ ಮಕ್ಕಳು ಅರ್ಧ, ಕಾಲು ಎಲ್ಲವನ್ನೂ ತಿಂದು ಮುಗಿಸಿದ್ದರು. ಉಳಿದ ಸಿಪ್ಪೆ ಎಷ್ಟನೆಯ ಭಾಗವೆಂದು ಒಬ್ಬ ಹುಡುಗ ನನ್ನನ್ನೇ ಕೇಳಿದ್ದ. ಸಂಜೆ ಮಿಸ್ಸಿಗೆ ಫೋನ್ ಮಾಡಿದೆ. “ಹೇಳ್, ಕೇಂತಾ ಇದ್ದೆ” ಎಂದರು. ನಾನು ಹೇಳುತ್ತಾ ಹೋದೆ. ಆ ಕಡೆಯಿಂದ ಒಂದು ‘ಊಂ’ ಕೂಡ ಇಲ್ಲ. ಹೇಳುತ್ತಾ ಹೇಳುತ್ತಾ, ಪ್ರಶ್ನೆಯನ್ನು ಮೊದಲು ಕೇಳಿ ಹಣ್ಣನ್ನು ಆಮೇಲೆ ಕೊಡಬೇಕಿತ್ತೆಂದು ನನಗೇ ಹೊಳೆಯಿತು. ಇಷ್ಟು ತಾಳ್ಮೆಯಿಂದ ಕೇಳಲು ಕಲಿತರಲ್ಲ ಇವರು ಎಂದುಕೊಂಡೆ. “ಹಲೋ, ಮಿಸ್, ಇದ್ದೀರಾ?” ಎಂದೆ.

“ಅದ್ ಇಲ್ಲ” ಎಂದಿತು ಒಂದು ಗಂಡಸಿನ ದನಿ. ಮಿಸ್ಸಿನ ಯಜಮಾನರು. ನನ್ನ ಇಷ್ಟು ವರ್ಷದ ಪರಿಚಯದಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು. “ಬಟ್ಟೆ ತೆಗೂಕ್ ಹೊರಗ್ ಹೋಯ್ತ್. ಫೋನ್ ನನ್ನ್ ಕೈಗ್ ಕೊಟ್ಟಿಕ್ಕಿ ಹೋದ್ದ್.”

“ಅಯ್ಯೋ, ಯಾವಾಗ ಹೋದ್ರು?”

“ನೀವ್ ಬಾಳೆಹಣ್ಣ್ ಕೊಯ್ವತಿಗೆ. ತೊಂದ್ರೆ ಇಲ್ಲ, ಎಲ್ಲ ನಾನ್ ಕೇಂಡಿದೆ. ಲಾಯ್ಕಿತ್ತ್.” ಕುರ್ಚಿ ಹತ್ತಿರ ಎಳೆದುಕೊಂಡ ಸದ್ದಾಯಿತು. “ಅಲ್ಲ, ಆ ಸಿಪ್ಪೆ ಎಷ್ಟನೇ ಭಾಗ ಅಂದೇಳಿ ಒಂದ್ ಗಂಡ್ ಕೇಂತ್ ಅಂದ್ರಿ ಅಲ್ದಾ, ಅದಕ್ಕ್ ನೀವ್ ಎಂತ ಹೇಳಿದ್ರಿ? ಹೇಳಿ, ಹೇಳಿ. ನಾ ಮಧ್ಯ ಬಾಯಿ ಹಾಕುದಿಲ್ಲ.”